ಕತ್ತರಿಸದೆ ಉಳಿದ ಹಾಳೆಗಳು

ಲಕೋಟೆ ಒಡೆಯುವ ರೀತಿಯಲ್ಲಿ ಮನುಷ್ಯರ ಸ್ವಭಾವ ಗೊತ್ತಾಗುತ್ತದೆ ಎಂಬುದು ನನ್ನ ಬಹುದಿನದ ನಂಬಿಕೆ. ನನ್ನ ಗಂಡ ಬ್ಯಾಂಕಿನ ಪತ್ರವನ್ನು ಹರಿಯುವ ರಭಸಕ್ಕೆ ಒಳಗಿನ ಕಾಗದವೂ ಅರ್ಧ ಹರಿದು ಕೈಗೆ ಬರುತ್ತದೆ. ಮಗಳಿಗೆ ಲಕೋಟೆ ಎಂದರೆ ಮದುವೆ ಮನೆಗಳಲ್ಲಿ ಮಾತ್ರ ಕಾಣುವ ವಸ್ತು. ನಾನೊಬ್ಬಳು ಮಾತ್ರ ಡ್ರಾಯರಿನಲ್ಲಿ ತಡಕಾಡಿ ಅರ್ಧ ಅಡಿಯ ಸ್ಟೀಲ್ ಸ್ಕೇಲು ಹುಡುಕಿ, ಮೂಲೆಯ ಸಂದಿಯಲ್ಲಿ ತೂರಿಸಿ, ಹೊರಮುಖವಾಗಿ ಸಾವಕಾಶ ಎಳೆಯುತ್ತೇನೆ. ಒಳಗಿರುವುದು ವಿದ್ಯುತ್ ಇಲಾಖೆಯ ನೋಟಿಸು ಆದರೂ ಸರಿ. "ಅಮ್ಮಾ, ಪೇಷಂಟ್ ಬದುಕ್ತಾರಾ?" ಎಂದು ಮಗಳು ಕೇಳುತ್ತಾಳೆ. ಅವಳು ಕೋಲ್ಕತ್ತೆಯಲ್ಲೇ ಹುಟ್ಟಿ ಬೆಳೆದವಳು. ಕನ್ನಡದಲ್ಲಿ ಬರುವುದು ಅಷ್ಟಿಷ್ಟು, ಅದರಲ್ಲಿ ಮುಕ್ಕಾಲು ಪಾಲು ನನ್ನನ್ನು ಛೇಡಿಸಲು ಖರ್ಚಾಗುತ್ತದೆ.

ಈ ಚಾಳಿ ಹುಟ್ಟಿನಿಂದ ಬಂದದ್ದಲ್ಲ. ಇದೇ ಊರಿನ ಗಾರ್ಡನ್ ರೀಚ್‌ನ ಒಂದು ಮಹಡಿ ಕೋಣೆಯಲ್ಲಿ ಅಂಟಿಕೊಂಡದ್ದು. ಅದನ್ನು ಹೇಳುವುದಕ್ಕೆ ಮುಂಚೆ ಹಳೆಯ ಪುಸ್ತಕಗಳ ಒಂದು ಪದ್ಧತಿಯನ್ನು ನಿಮಗೆ ಹೇಳಬೇಕು.

ಹಿಂದೆ ಯುರೋಪಿನಲ್ಲಿ, ಅದರಲ್ಲೂ ಫ್ರಾನ್ಸಿನಲ್ಲಿ, ಪುಸ್ತಕಗಳನ್ನು ಅಂಚು ಕತ್ತರಿಸದೆಯೇ ಮಾರುತ್ತಿದ್ದರು. ದೊಡ್ಡ ಹಾಳೆಯ ಮೇಲೆ ಹದಿನಾರು ಪುಟ ಅಚ್ಚು ಹಾಕಿ, ಮಡಚಿ, ಬೆನ್ನಿಗೆ ಹೊಲಿದು ಕೊಟ್ಟರೆ ಅಂಗಡಿಯವನ ಕೆಲಸ ಮುಗಿಯಿತು. ಮಡಿಕೆ ಬಿಡಿಸಿಕೊಳ್ಳುವುದು ಓದುವವನ ಪಾಲಿನದು. ಒಂದು ಕೈಯಲ್ಲಿ ಪುಸ್ತಕ, ಒಂದು ಕೈಯಲ್ಲಿ ಮೊಂಡು ಚಾಕು. ಓದಿದಷ್ಟು ಕತ್ತರಿಸುವುದು, ಕತ್ತರಿಸಿದಷ್ಟು ಓದುವುದು. ಇದರಿಂದ ಒಂದು ಅಪಾಯವೂ ಇತ್ತು. ಪುಸ್ತಕದ ಒಡೆಯ ನಿಜವಾಗಿ ಎಲ್ಲಿಯವರೆಗೆ ಓದಿದ್ದ ಎಂಬುದನ್ನು ಅವನು ಸತ್ತು ನೂರು ವರ್ಷವಾದ ಮೇಲೂ ಪುಸ್ತಕ ಹೇಳಿಬಿಡುತ್ತದೆ. ನಾನು ಪಾಠ ಹೇಳುವ ವಿಶ್ವವಿದ್ಯಾಲಯದ ಲೈಬ್ರರಿಗೆ ದೊಡ್ಡ ದೊಡ್ಡ ಪಂಡಿತರ ಮನೆಗಳಿಂದ ದಾನವಾಗಿ ಬಂದ ಇಂಥ ಪುಸ್ತಕಗಳು ಬೇಕಾದಷ್ಟಿವೆ. ಮುನ್ನುಡಿ ಮುಗಿಯುವ ತನಕ ಬಿಡಿಸಿರುತ್ತಾರೆ, ಕೊನೆಗೆ ಉಪಸಂಹಾರ ಬಿಡಿಸಿರುತ್ತಾರೆ. ನಡುವಿನ ನಾನೂರು ಪುಟ ಗಾಳಿ ಬೆಳಕು ಕಂಡಿರುವುದಿಲ್ಲ. ಆ ಪಂಡಿತರ ಮೇಲೆ ನನಗೆ ಗೌರವ ಕಡಿಮೆಯಾಗಿಲ್ಲ, ಪ್ರೀತಿ ಹೆಚ್ಚಾಗಿದೆ. ಯಾಕೆಂದರೆ ನಾನೂ ಅದೇ ಜಾತಿಯವಳು.

ಅದು ಬಯಲಾದದ್ದು ಹೀಗೆ. ಧಾರವಾಡದಿಂದ ಇಲ್ಲಿಗೆ ಯುರೋಪಿನ ಇತಿಹಾಸದಲ್ಲಿ ಸಂಶೋಧನೆ ಮಾಡಲು ಬಂದ ಹೊಸತರಲ್ಲಿ ಒಂದು ಸಭೆಯಲ್ಲಿ ಪ್ರಬಂಧ ಓದಿದೆ. ಫ್ರಾನ್ಸಿನ ಬಂದರುಗಳಲ್ಲಿ ಧಾನ್ಯದ ವ್ಯಾಪಾರದ ಬಗ್ಗೆ. ನಡುವೆ ಒಂದು ಹಳೆಯ ಜರ್ಮನ್ ಗ್ರಂಥದ ಹೆಸರು ಹೇಳಿ, ಪುಟ ಮುನ್ನೂರ ಹನ್ನೊಂದು ಎಂದು ಗತ್ತಿನಿಂದ ಕನ್ನಡಕ ಸರಿಮಾಡಿಕೊಂಡೆ. ಚಹಾದ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಬಂದರು. ಬಿಳಿ ಪೈಜಾಮ, ಹೆಗಲಿಗೆ ಬಟ್ಟೆಯ ಚೀಲ.

"ಆ ಪುಟವನ್ನು ಯಾವ ಪ್ರತಿಯಲ್ಲಿ ನೋಡಿದೆ, ಮಾ?" ಎಂದು ಬಂಗಾಳಿಯಲ್ಲಿ ಕೇಳಿದರು. ಇಲ್ಲಿಯ ಹಿರಿಯರು ಹೆಣ್ಣುಮಕ್ಕಳನ್ನು ಮಾ ಎಂದೇ ಕರೆಯುತ್ತಾರೆ.

"ಲೈಬ್ರರಿಯ ಪ್ರತಿಯಲ್ಲಿ" ಎಂದೆ.

"ಊರಿನಲ್ಲಿರುವುದು ಅದೊಂದೇ ಪ್ರತಿ. ಈಗ ನಾನೇ ಓದುತ್ತಿದ್ದೇನೆ. ಇನ್ನೂರ ನಲವತ್ತರ ಆಚೆಗೆ ಅದನ್ನು ಇನ್ನೂ ಯಾರೂ ಬಿಡಿಸಿಲ್ಲ."

ನಾನು ಆ ಉಲ್ಲೇಖವನ್ನು ಬೇರೆ ಯಾರದೋ ಅಡಿಟಿಪ್ಪಣಿಯಿಂದ ಎತ್ತಿದ್ದೆ. ಬಾಯಲ್ಲಿದ್ದ ಸಿಂಗಾಡ, ಅಂದರೆ ಇಲ್ಲಿಯ ಸಮೋಸ, ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಅವರು ಸುತ್ತ ನೋಡಿ, ದನಿ ತಗ್ಗಿಸಿ, "ಶನಿವಾರ ಬಾ. ಇಬ್ಬರೂ ಕೂತು ಅಲ್ಲಿಯವರೆಗೆ ಓದಿಬಿಡೋಣ. ಆಮೇಲೆ ನೀನು ಹೇಳಿದ್ದು ಸುಳ್ಳಾಗುವುದಿಲ್ಲ" ಎಂದರು. ಹಾಗೆ ಶುರುವಾಯಿತು. ನಾಲ್ಕು ಶನಿವಾರ ಲೈಬ್ರರಿಯಲ್ಲಿ ಕೂತು ಮುನ್ನೂರ ಹನ್ನೊಂದನೇ ಪುಟ ತಲುಪಿದಾಗ ಅಲ್ಲಿ ಧಾನ್ಯದ ಮಾತೇ ಇರಲಿಲ್ಲ. ಇಡೀ ಪುಟ ಸಾಬೂನು ಕುದಿಸುವ ವಿಚಾರ. ಜೇಠು ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

ಜೇಠು ಎಂದರೆ ಬಂಗಾಳಿಯಲ್ಲಿ ದೊಡ್ಡಪ್ಪ, ಅವರನ್ನು ನಾನು ಹಾಗೇ ಕರೆಯುತ್ತಿದ್ದೆ. ಅವರು ಕಾಲೇಜಿನ ಮೇಷ್ಟ್ರಲ್ಲ. ಹಡಗು ಕಟ್ಟುವ ಕಡೆ ನಕ್ಷೆ ಬರೆಯುವ ಕೆಲಸ ಮಾಡಿ ನಿವೃತ್ತರಾದವರು. ಯಂತ್ರಗಳ ನಕ್ಷೆಯ ಕೆಳಗಿದ್ದ ಜರ್ಮನ್ ಅಕ್ಷರ ಅರ್ಥವಾಗಲಿ ಎಂದು ಜರ್ಮನ್ ಕಲಿತರಂತೆ. ಅದು ಬಂದ ಮೇಲೆ ಫ್ರೆಂಚ್ ಯಾಕೆ ಬಿಡಬೇಕು ಎಂದು ಫ್ರೆಂಚ್, ಆಮೇಲೆ ಇಟಾಲಿಯನ್. ಪೋರ್ಚುಗೀಸನ್ನು ರಿಪೇರಿಗೆ ಬಂದ ಹಡಗಿನ ಒಬ್ಬ ಅಡುಗೆಯವನಿಂದ ಕಲಿತದ್ದರಿಂದ ಅದರಲ್ಲಿ ಅವರಿಗೆ ಮೀನಿನ ಹೆಸರುಗಳೂ ಬೈಗುಳಗಳೂ ಚೆನ್ನಾಗಿ ಬರುತ್ತಿದ್ದವು, ವ್ಯಾಕರಣ ಸುಮಾರು. ಅವರ ಮಹಡಿ ಕೋಣೆಯ ಗೋಡೆಗೆ ಆನಿಸಿದ ಕಬ್ಬಿಣದ ಕಪಾಟುಗಳಲ್ಲಿ ನಾಲ್ಕು ದೇಶದ ಕವಿಗಳು, ಕಾದಂಬರಿಕಾರರು, ಚರಿತ್ರೆಕಾರರು ಭುಜಕ್ಕೆ ಭುಜ ತಾಗಿಸಿ ಕೂತಿದ್ದರು. ಎಲ್ಲ ಕಾಲೇಜ್ ಸ್ಟ್ರೀಟಿನ ಹಳೆ ಪುಸ್ತಕದ ಅಂಗಡಿಗಳಿಂದ ಒಂದೊಂದಾಗಿ ಹೊತ್ತು ತಂದದ್ದು. ಕಿಟಕಿ ತೆಗೆದರೆ ಹೂಗ್ಲಿ ನದಿಯ ಕಡೆಯಿಂದ ಎಣ್ಣೆ, ತುಕ್ಕು, ಕೆಸರು ಬೆರೆತ ಗಾಳಿ. ಇಟಾಲಿಯನ್ ಕಾವ್ಯ ಎಂದರೆ ನನಗೆ ಇವತ್ತಿಗೂ ಮೂಗಿಗೆ ಬರುವುದು ಆ ವಾಸನೆಯೇ.

ನನಗೆ ನೌಕರಿ ಸಿಕ್ಕಿತು, ಮದುವೆಯಾಯಿತು, ಮಗಳು ಹುಟ್ಟಿದಳು. ಶನಿವಾರಗಳು ಮಾತ್ರ ಹಾಗೇ ನಡೆದವು. ಗರಿಯಾಹಾಟ್‌ನ ಸೀರೆ ಅಂಗಡಿಗಳ ಮುಂದಿನ ಜಂಗುಳಿಯಲ್ಲಿ ಬಸ್ಸು ಹತ್ತಿ, ಬಸ್ಸು ಬದಲಿಸಿ, ಒಂದೂವರೆ ತಾಸು ಬೆವರಿ ಅಲ್ಲಿಗೆ ಹೋಗುತ್ತಿದ್ದೆ. ಹಲವಾರು ಪುಸ್ತಕಗಳಾದ ಮೇಲೆ ಒಂದು ದಿನ ಜೇಠು ಮಂಚದ ಕೆಳಗಿನ ಟ್ರಂಕಿನಿಂದ ನಾಲ್ಕು ಸಂಪುಟ ಹೊರಗೆ ತೆಗೆದರು. ನೂರೈವತ್ತು ವರ್ಷ ಹಿಂದಿನ ಫ್ರೆಂಚ್ ಪುಸ್ತಕ. ಸಮುದ್ರ ದಂಡೆಯ ಒಂದು ಸಣ್ಣ ಊರಿನ ಚರಿತ್ರೆ. ಬರೆದವನು ಆ ಊರಿನ ಪಾದ್ರಿ. ರಾಜ, ಯುದ್ಧ, ಒಪ್ಪಂದ ಯಾವುದರ ಬಗ್ಗೆಯೂ ಅವನಿಗೆ ಆಸಕ್ತಿಯಿಲ್ಲ. ಯಾವ ವರ್ಷ ಮೀನು ಸಿಗಲಿಲ್ಲ, ಯಾವ ರೊಟ್ಟಿ ಅಂಗಡಿಯವನು ಯಾವ ಬೀಗರ ಮೇಲೆ ಸಿಟ್ಟಾಗಿ ಎಷ್ಟು ವರ್ಷ ಮಾತು ಬಿಟ್ಟ, ಇದೇ. ನಾಲ್ಕೂ ಸಂಪುಟ ಒಂದು ಹಾಳೆಯೂ ಬಿಡಿಸದೆ, ಬಂದ ಹಾಗೇ ಇದ್ದವು.

ಜೇಠು ಅವರದು ಕಟ್ಟುನಿಟ್ಟು. ಒಂದು ಶನಿವಾರಕ್ಕೆ ಒಂದೇ ಮಡಿಕೆ, ಹದಿನಾರು ಪುಟ. ಕತ್ತರಿಸುವ ಹಕ್ಕು ಅವರದು, ನಕ್ಷೆ ಬರೆಯುವ ಕಾಲದ ಸ್ಟೀಲ್ ಸ್ಕೇಲಿನಿಂದ. ಓದುವ ಕೆಲಸ ನನ್ನದು. ಪೆನ್ಸಿಲ್ ಗುರುತು ಹಾಕುವಂತಿಲ್ಲ, ಪುಸ್ತಕದಲ್ಲಿ ಚೀಟಿ ಇಡುವಂತಿಲ್ಲ. "ಎಲ್ಲಿ ನಿಲ್ಲಿಸಿದೆವು ಅಂತ ಮುಚ್ಚಿದ ಹಾಳೆಯೇ ಹೇಳುತ್ತದಲ್ಲ" ಎನ್ನುತ್ತಿದ್ದರು. ಕಥೆ ಬಿಸಿಯೇರಿದ ಕಡೆ ನಾನು ಇನ್ನೊಂದು ಮಡಿಕೆ ಬಿಡಿಸೋಣ ಎಂದು ಗೋಗರೆದರೆ ಸೊಸೆಯನ್ನು ಕೂಗಿ ಚಹಾ ತರಿಸುತ್ತಿದ್ದರು. ಚಹಾ ಬಂತೆಂದರೆ ಓದು ಮುಗಿಯಿತು. ಆಮೇಲೆ ಮುರಿ, ಅಂದರೆ ನಮ್ಮ ಮಂಡಕ್ಕಿ, ಸಾಸಿವೆ ಎಣ್ಣೆ, ಹಸಿಮೆಣಸು, ಮತ್ತು ಪಾದ್ರಿಯ ಊರಿನವರ ಮೇಲೆ ಗಂಟೆಗಟ್ಟಲೆ ಚಾಡಿ. ನನ್ನ ಜೀವನದಲ್ಲಿ ನಾನು ಯಾರ ಬಗ್ಗೆಯೂ ಅಷ್ಟು ಸುಖವಾಗಿ ಚಾಡಿ ಹೇಳಿಲ್ಲ.

ಮೂರನೆಯ ಸಂಪುಟದ ಹೊತ್ತಿಗೆ ಜೇಠು ಅವರ ಕಣ್ಣು ಮಂಜಾದವು. ಅವರಿಗೆ ಅಕ್ಷರ ಕಾಣದಿದ್ದರೂ ಬೆರಳಿನಿಂದ ಮಡಿಕೆ ಸವರಿ ನೋಡಿ ತಾವೇ ಕತ್ತರಿಸುತ್ತಿದ್ದರು. ಅಂಚು ಈಗ ನೆಟ್ಟಗೆ ಬರುತ್ತಿರಲಿಲ್ಲ, ಚಿಂದಿಚಿಂದಿಯಾಗುತ್ತಿತ್ತು. ನನ್ನ ಉಚ್ಚಾರ ತಪ್ಪಿದರೆ ಮಾತ್ರ ಕಿವಿ ಹಿಂಡಿದಷ್ಟೇ ಚುರುಕಾಗಿ ತಿದ್ದುತ್ತಿದ್ದರು.

ನಾಲ್ಕನೆಯ ಸಂಪುಟ ಅರ್ಧ ದಾಟಿದ ಮೇಲೆ ನನ್ನನ್ನು ವಿಭಾಗದ ಮುಖ್ಯಸ್ಥೆ ಮಾಡಿದರು. ಶನಿವಾರಗಳಿಗೆ ಕಾಲು ಬಂದವು. ಒಂದು ಶನಿವಾರ ಸಭೆ, ಒಂದು ಶನಿವಾರ ಮೌಲ್ಯಮಾಪನ, ಒಂದು ಶನಿವಾರ ಮಗಳ ನೃತ್ಯ. ಹೋದ ದಿನವೂ ಓದುತ್ತಾ ಓದುತ್ತಾ ಗಡಿಯಾರ ನೋಡುತ್ತಿದ್ದೆ. ಅವರಿಗೆ ಕಾಣುವುದಿಲ್ಲವಲ್ಲ ಎಂಬ ಧೈರ್ಯ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಹೋಗದ ದಿನ ಅವರೇ ಫೋನು ಮಾಡುತ್ತಿದ್ದರು.

"ಬರದಿದ್ದರೆ ಪರವಾಗಿಲ್ಲ ಮಾ. ನಾನು ಕತ್ತರಿಸಿಲ್ಲ. ಮುಂದೇನಾಯಿತೋ ಅಂತ ಯೋಚಿಸುತ್ತಾ ಕೂತಿದ್ದೇನೆ."

"ಮುಂದಿನ ವಾರ ಖಂಡಿತ, ಜೇಠು."

"ಆಗಲಿ, ಆಗಲಿ. ಪಾದ್ರಿ ಎಲ್ಲಿಗೂ ಹೋಗುವುದಿಲ್ಲ."

ಪಾದ್ರಿ ಹೋಗಲಿಲ್ಲ. ಜೇಠು ಹೋದರು. ನಾನು ಸತತವಾಗಿ ಐದು ಶನಿವಾರ ತಪ್ಪಿಸಿದ ಮೇಲೆ, ಒಂದು ಸೋಮವಾರ ಬೆಳಿಗ್ಗೆ. ಹದಿಮೂರನೇ ದಿನ ಅವರ ಸೊಸೆ ನಾಲ್ಕೂ ಸಂಪುಟಗಳನ್ನು ಹಳೆಯ ಸೀರೆಯಲ್ಲಿ ಗಂಟು ಕಟ್ಟಿ ನನ್ನ ಕೈಗಿಟ್ಟರು. "ನಿಮಗೇ ಕೊಡಬೇಕು ಅಂತ ಬಾಬಾ ಹೇಳಿದ್ದರು" ಎಂದರು. ಮಾವನನ್ನು ಅವರು ಬಾಬಾ ಎಂದೇ ಕರೆಯುತ್ತಿದ್ದರು. ಅವರ ಮುಖ ನೋಡುವ ಧೈರ್ಯವಿಲ್ಲದೆ ಗಂಟು ಎತ್ತಿಕೊಂಡು ಬಂದೆ. ಮತ್ತೆ ಆ ಮನೆಯ ಕಡೆ ತಲೆ ಹಾಕಲಿಲ್ಲ.

ನಾಲ್ಕನೆಯ ಸಂಪುಟದ ಕೊನೆಯ ಮೂರನೇ ಒಂದು ಭಾಗ ಮುಚ್ಚಿಕೊಂಡೇ ಇತ್ತು. ಎರಡು ವರ್ಷ ಅದು ನನ್ನ ಕಪಾಟಿನಲ್ಲಿತ್ತು. ಆಗಾಗ ಕೆಳಗಿಳಿಸಿ, ಹೆಬ್ಬೆರಳಿನಿಂದ ಅಂಚು ಸವರುತ್ತಾ ಹೋಗುತ್ತಿದ್ದೆ. ಚಿಂದಿ ಚಿಂದಿ ಚಿಂದಿ, ಆಮೇಲೆ ಥಟ್ಟನೆ ನುಣ್ಣನೆಯ ಮಡಿಕೆ. ಅಲ್ಲಿ ಬೆರಳು ನಿಲ್ಲುತ್ತಿತ್ತು. ಜೇಠು ಕಡೆಯ ಸಲ ಸ್ಕೇಲು ಆಡಿಸಿದ ಜಾಗ ಅದು. ಅಲ್ಲಿಯವರೆಗೆ ನಾವಿಬ್ಬರು, ಅಲ್ಲಿಂದಾಚೆಗೆ ನಾನು ತಪ್ಪಿಸಿದ ಶನಿವಾರಗಳು. ಅದನ್ನು ಬಿಡಿಸುವ ಮನಸ್ಸಾಗಲಿಲ್ಲ. ಮುಚ್ಚಿರುವ ತನಕ ಒಂದು ಶನಿವಾರ ಇನ್ನೂ ಬಾಕಿಯಿದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಹೋದ ವರ್ಷ ದುರ್ಗಾಪೂಜೆಗೆ ಅವ್ವ ಧಾರವಾಡದಿಂದ ಬಂದಳು. ಪೆಂಡಾಲುಗಳನ್ನೆಲ್ಲ ನೋಡಿ, ಕಾಳಿಘಾಟ್‌ನ ದೇವಿಗೆ ಕೈಮುಗಿದು, ಹಬ್ಬ ಮುಗಿದ ಮೇಲೂ ಉಳಿದುಕೊಂಡಳು. ಅವ್ವ ನಲವತ್ತು ವರ್ಷ ಊರಿನ ಹೆಂಗಸರಿಗೆ ಜಂಪರು ಹೊಲಿದವಳು. ಯಾವ ವಸ್ತುವಾದರೂ ಓರೆಕೋರೆಯಾಗಿದ್ದರೆ ಅವಳ ಕೈ ಕಡಿಯುತ್ತದೆ. ನಮ್ಮ ಮನೆಯ ಪರದೆಗಳೆಲ್ಲ ಒಂದೇ ಅಳತೆಗೆ ಬಂದವು, ದಿಂಬಿನ ಚೀಲಗಳಿಗೆಲ್ಲ ಗುಂಡಿ ಬಂದವು. ಆಮೇಲೆ ಅವಳ ಕಣ್ಣು ಕಪಾಟಿನ ಮೇಲೆ ಬಿತ್ತು.

ಪರೀಕ್ಷೆಯ ದಿನಗಳು. ನಾನು ಮಧ್ಯಾಹ್ನ ಮೂರರ ಹೊತ್ತಿಗೆ ಮನೆಗೆ ಬಂದಾಗ ಅವ್ವ ಕಿಟಕಿಯ ಹತ್ತಿರ ಕಾಲು ಚಾಚಿ ಕೂತಿದ್ದಳು. ಮಡಿಲ ತುಂಬ ಹಳದಿ ಕಾಗದದ ಹೊಟ್ಟು. ಪಕ್ಕದಲ್ಲಿ ಹೊಲಿಗೆ ಬಿಚ್ಚುವ ಅರ್ಧ ಬ್ಲೇಡು, ನನ್ನ ಸ್ಕೇಲು, ಮತ್ತು ನಾಲ್ಕನೆಯ ಸಂಪುಟ.

"ಎಂಥಾ ಅಂಗಡ್ಯಾಗ ತಗೊಂಡಿಯವಾ ಇದನ್ನ?" ಎಂದಳು ಅವ್ವ. "ಹಿಂದಿನ ಹಾಳಿ ಎಲ್ಲಾ ಕೂಡಿಕೊಂಡಿದ್ದವು. ನೀ ಹೆಂಗ ಓದತಿದ್ದೆ? ಎಲ್ಲಾ ಕೊಯ್ದು ಬಿಡಿಸೇನಿ. ಮುಂದಿನ ಹಾಳಿ ಅಂಚು ಇಲಿ ಕಡದಂಗ ಆಗಿತ್ತು, ಅದನ್ನೂ ಸಮಾ ಮಾಡೇನಿ. ನೋಡು. ಮೂರು ದಿನ ಹಿಡೀತು. ಉಳಿದ ಮೂರು ನಾಳೆಯಿಂದ ಮಾಡ್ತೇನಿ."

ಪುಸ್ತಕ ಎತ್ತಿಕೊಂಡೆ. ಹೆಬ್ಬೆರಳು ಮೊದಲ ಪುಟದಿಂದ ಕೊನೆಯ ಪುಟದ ತನಕ ಒಂದೇ ಸಮನೆ ಜಾರಿಹೋಯಿತು. ಎಲ್ಲೂ ನಿಲ್ಲಲಿಲ್ಲ. ಅಷ್ಟು ಚೊಕ್ಕಟವಾದ ಕೆಲಸವನ್ನು ಅಚ್ಚುಕೂಟದವರೂ ಮಾಡಲಾರರು.

"ಯಾರು ಹೇಳಿದ್ರು ನಿನಗ ಇದನ್ನ ಮುಟ್ಟಾಕ?" ಎಂದೆ. ಹೇಳಿದ ದನಿ ನನಗೇ ಕೆಟ್ಟದಾಗಿ ಕೇಳಿಸಿತು. ಅವ್ವ ಹೊಟ್ಟನ್ನೆಲ್ಲ ಸೆರಗಿನಲ್ಲಿ ಒಟ್ಟುಮಾಡಿಕೊಂಡು ಒಳಗೆ ಹೋದಳು. ಸಂಜೆ ಚಹಾ ಬೇಡವೆಂದಳು. ಮಗಳು ನಮ್ಮಿಬ್ಬರ ಮುಖ ನೋಡಿ, ತನ್ನ ಕೋಣೆ ಸೇರಿದಳು.

ಮರುದಿನ ನಾನೇ ಅವಳ ಪಕ್ಕ ಕೂತು ಎಲ್ಲ ಹೇಳಿದೆ. ಜೇಠು, ಸ್ಕೇಲು, ಶನಿವಾರ, ಫೋನು. ಅವ್ವ ಪೂರ್ತಿ ಕೇಳಿದಳು.

"ನನ್ನ ತಪ್ಪು ಆತು. ಅದನ್ನ ಮತ್ತ ಹೊಲ್ಯಾಕ ಬರೂದಿಲ್ಲ," ಎಂದಳು. ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡಳು. "ಆದ್ರ ಅಲ್ಲಿ ಮಟ ಓದಿದಾಕಿ ನೀನ ಅಲ್ಲೇನು? ಓದ್ತಾ ಹೋದ್ರ ನೆನಪಾಗತೈತಿ. ಹೊಸಾದು ಅನಿಸಿದಲ್ಲಿ ಅಜ್ಜಾರು ನಿಂತಾರ ಅಂತ ತಿಳಕೊ. ನನಗ ಓದಿ ಹೇಳು. ಇಬ್ಬರೂ ಹುಡುಕೂಣು."

ಎಷ್ಟು ಸರಳವಾದ ಉಪಾಯ. ಇತಿಹಾಸದಲ್ಲಿ ಡಾಕ್ಟರೇಟು ಮಾಡಿದವಳಿಗೆ ಹೊಳೆದಿರಲಿಲ್ಲ. ದಿನಾ ಸಂಜೆ ಆರಕ್ಕೆ ಇಬ್ಬರೂ ಬಾಲ್ಕನಿಯಲ್ಲಿ ಕೂತು ನಾಲ್ಕನೆಯ ಸಂಪುಟವನ್ನು ಮೊದಲಿಂದ ಹಿಡಿದೆವು. ನಾನು ಫ್ರೆಂಚಿನಲ್ಲಿ ಒಂದು ಪ್ಯಾರಾ ಓದಿಕೊಂಡು ನಮ್ಮ ಮಾತಿನಲ್ಲಿ ಹೇಳುವುದು, ಅವ್ವ ಅವರೆಕಾಳು ಬಿಡಿಸುತ್ತಾ ಹೂಂಗುಡುವುದು. ಪಾದ್ರಿಯ ಊರು ಅವ್ವನಿಗೆ ಮೂರು ದಿನದಲ್ಲಿ ತನ್ನ ಓಣಿಯಾಯಿತು. ರೊಟ್ಟಿ ಅಂಗಡಿಯವನನ್ನು ಅವಳು ನಂಬಲಿಲ್ಲ. "ಅಂವಾ ತೂಕದಾಗ ಹೊಡೀತಾನ, ನೋಡಕೋತ ಇರು" ಎಂದಳು. ನಲವತ್ತು ಪುಟದ ಆಚೆಗೆ ಅವನು ಅದೇ ತಪ್ಪಿಗೆ ಸಿಕ್ಕಿಬಿದ್ದ.

ನಾನು ಮಾತ್ರ ಹೊಸದು ಅನ್ನಿಸುವ ಜಾಗಕ್ಕಾಗಿ ಕಾಯುತ್ತಿದ್ದೆ. ಅದು ಬಂದದ್ದು ಅರ್ಧ ಸಂಪುಟ ದಾಟಿದ ಸುಮಾರಿಗೆ. ಆದರೆ ಅದು ಸಾಧ್ಯವಿರಲಿಲ್ಲ. ಜೇಠು ಮತ್ತು ನಾನು ಖಂಡಿತವಾಗಿ ಅದರಾಚೆಗೆ ಓದಿದ್ದೆವು. ಮುಂದೆ ಹೋದೆ. ಒಂದು ಅಧ್ಯಾಯ ಹೊಸದು, ಒಂದು ಹಳೆಯದು, ಮತ್ತೆ ಮೂರು ಹೊಸವು. ಆಗ ಅರ್ಥವಾಯಿತು. ಆ ಪುಟಗಳನ್ನು ಓದಿದ್ದು ನನ್ನ ಬಾಯಿ. ನಾನು ಗಡಿಯಾರದ ಮುಳ್ಳಿನ ಮೇಲಿದ್ದೆ. ಎದುರಿಗೆ ಕಣ್ಣು ಕಾಣದ ಒಬ್ಬರು ಪ್ರತಿ ಶಬ್ದ ಕೇಳುತ್ತಿದ್ದರು, ಓದುತ್ತಿದ್ದವಳಿಗೆ ಒಂದೂ ಕೇಳಿರಲಿಲ್ಲ. ಮುನ್ನೂರ ಹನ್ನೊಂದನೇ ಪುಟದ ಸುಳ್ಳಿಗಿಂತ ಇದು ದೊಡ್ಡ ಸುಳ್ಳು, ಮತ್ತು ಇದನ್ನು ಅವರು ಹಿಡಿದಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ.

ಕೊನೆಗೆ ಇಪ್ಪತ್ತು ಪುಟ ಉಳಿದಾಗ ಒಂದು ಒಳ್ಳೆಯ ಪ್ರಸಂಗ ಬಂತು. ಫಿರಂಗಿ ಎರಕ ಹೊಯ್ಯಲು ಊರಿನ ಇಗರ್ಜಿಯ ಗಂಟೆಯನ್ನು ಸರಕಾರದವರು ಒಯ್ಯಲು ಬರುತ್ತಾರೆ. ಒಬ್ಬ ಮುದುಕಿ, ಬಟ್ಟೆ ಒಗೆಯುವವಳು, ಊರಿನ ಹೆಂಗಸರನ್ನು ಕೂಡಿಸಿ ಅದನ್ನು ತನ್ನ ಹಿತ್ತಲ ಬಾವಿಯಲ್ಲಿ ಮುಳುಗಿಸಿಬಿಡುತ್ತಾಳೆ. ಸಾಯುವ ತನಕ ಬೇರೆ ಯಾರಿಗೂ ಹೇಳುವುದಿಲ್ಲ. ಅವ್ವ ಅವರೆಕಾಳು ಕೆಳಗಿಟ್ಟು ಕೇಳಿದಳು. ಮುಗಿದ ಮೇಲೆ, "ಅಜ್ಜಾರು ನಿಂತ ಜಾಗಾ ಸಿಕ್ಕಿತೇನು?" ಎಂದಳು.

"ಇಲ್ಲವ್ವ. ಯಾವಾಗೋ ದಾಟಿ ಬಂದೇನಿ. ಗೊತ್ತಾಗಲಿಲ್ಲ."

ಅವ್ವ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟಳು. "ಹೋಗಲಿ ಬಿಡು. ಅವರ ಮನಿಗೆ ಹೋಗು. ಈ ಮುದುಕಿ ಕಥಿ ಅವರು ಕೇಳಲಿಲ್ಲಲ್ಲ, ಅವರ ಫೋಟೋದ ಮುಂದ ಕುಂತು ಹೇಳಿ ಬಾ. ನಿನ್ನ ಮನಸ್ಸಿಗರ ಸಮಾಧಾನ ಆಗತೈತಿ."

ಓದಿದವರು ನಗಬಹುದು, ನಾನು ಹೋದೆ. ಶನಿವಾರವೇ ಹೋದೆ. ಅದೇ ಬಸ್ಸು, ಅದೇ ಬೆವರು. ಜೇಠು ಅವರ ಸೊಸೆ ಬಾಗಿಲು ತೆಗೆದು, ಎರಡು ವರ್ಷ ಯಾಕೆ ಬರಲಿಲ್ಲ ಎಂದು ಕೇಳದೆ, "ಬೋಶುನ್" ಎಂದು ಕುರ್ಚಿ ಎಳೆದರು. ಮಹಡಿ ಕೋಣೆಯಲ್ಲಿ ಕಪಾಟುಗಳು ಹಾಗೇ ಇದ್ದವು. ಗೋಡೆಯ ಮೇಲೆ ಜೇಠು ಅವರ ಫೋಟೋ, ಅದಕ್ಕೆ ಒಣಗಿದ ರಜನೀಗಂಧದ ಮಾಲೆ. ಸೊಸೆಯ ಮುಂದೆ ಫೋಟೋದ ಜೊತೆ ಮಾತಾಡಲು ಸಂಕೋಚವಾಗಿ, ಬಂದ ಕಾರಣವನ್ನು ಅವರಿಗೇ ಹೇಳಿದೆ. ಆ ಪುಸ್ತಕ ಓದಿ ಮುಗಿಸಿದೆ, ಕೊನೆಯ ಭಾಗ ಜೇಠು ಅವರಿಗೆ ಗೊತ್ತಾಗದೆ ಉಳಿಯಿತಲ್ಲ ಎಂಬ ಕೊರಗು, ಎಂದೆ.

"ಕೊನೆಯ ಭಾಗ ಅಂದರೆ? ಬಾವಿಯಲ್ಲಿ ಗಂಟೆ ಬಚ್ಚಿಡುವ ಮುದುಕಿಯ ಕಥೆಯೇ?" ಎಂದರು ಅವರು.

"ನಿಮಗೆ ಹೇಗೆ ಗೊತ್ತು?" ಎಂದೆ.

"ಅದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ನನ್ನ ಮಕ್ಕಳು ಚಿಕ್ಕವರಿದ್ದಾಗ ಬಾಬಾ ಅದನ್ನೇ ಹೇಳಿ ಊಟ ಮಾಡಿಸುತ್ತಿದ್ದರು. ಆ ಪುಸ್ತಕವನ್ನು ಅವರು ತಮ್ಮ ಮದುವೆಗೆ ಮುಂಚೆಯೇ ಯಾರಿಂದಲೋ ಎರವಲು ತಂದು ಎರಡು ಸಲ ಓದಿದ್ದರಂತೆ. ಆಮೇಲೆ ಎಷ್ಟೋ ವರ್ಷಕ್ಕೆ ಈ ಪ್ರತಿ ಸಿಕ್ಕಿತು, ಹಾಳೆ ಬಿಡಿಸದ್ದು. ಇದನ್ನು ಒಬ್ಬನೇ ಓದುವುದಿಲ್ಲ, ಜೊತೆಗೆ ಕೂತು ಓದುವವರು ಸಿಗುವ ತನಕ ಇರಲಿ ಅಂತ ಟ್ರಂಕಿನಲ್ಲಿ ಇಟ್ಟರು." ಅವರು ನಕ್ಕರು. "ಶನಿವಾರ ನೀವು ಬಂದಾಗ ನಾವ್ಯಾರೂ ಬಾಯಿ ಬಿಡಕೂಡದು ಅಂತ ಕಟ್ಟಪ್ಪಣೆ ಆಗಿತ್ತು."

ಚಹಾ ಬಂತು. ಕುಡಿದೆ. ಏನೇನೋ ಮಾತಾಡಿದೆ, ಈಗ ನೆನಪಿಲ್ಲ.

ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ಇದ್ದಳು. "ಹೇಳಿ ಬಂದ್ಯೇನು?" ಎಂದಳು.

"ಅವರಿಗೆ ಅದು ಮೊದಲ ಗೊತ್ತಿತ್ತಂತವ್ವ. ಪೂರಾ ಪುಸ್ತಕ ಗೊತ್ತಿತ್ತಂತ."

ಅವ್ವ ನನ್ನ ಹೆಗಲಿನ ಚೀಲ ಇಸಿದುಕೊಳ್ಳುತ್ತಾ, "ಹಂಗಾದ್ರ ಅವರು ಪುಸ್ತಕದ ಸಲುವಾಗಿ ಫೋನ್ ಮಾಡತಿದ್ದಿಲ್ಲ ತಗೊ" ಎಂದಳು.